ರಾಳ, ಮೇಣ, ಎಣ್ಣೆ: ಚರ್ಮದ ಉರಿಯೂತಕ್ಕೊಂದು ಹಳೆಯ ಮುಲಾಮಿನ ಚರಿತ್ರೆ

ಭಾರತೀಯ ವೈದ್ಯಪರಂಪರೆಯಲ್ಲಿ ಚರ್ಮರೋಗಗಳಿಗೆ ಬಳಕೆಯಾದ ದ್ರವ್ಯಗಳ ಪೈಕಿ ಬೇವು, ಅರಿಶಿನ, ಮಂಜಿಷ್ಠಗಳ ಬಗ್ಗೆ ನಡೆದಷ್ಟು ಚರ್ಚೆ ಮರದ ಗಾಯದಿಂದ ಒಸರಿ ಗಟ್ಟಿಯಾಗುವ ರಾಳಗಳ ಬಗ್ಗೆ ನಡೆದಿಲ್ಲ. ದೇವರ ಮುಂದಿನ ಧೂಪವಾಗಿ, ದೋಣಿಯ ಸಂದು ಮುಚ್ಚುವ ಅಂಟಾಗಿ, ಮರಗೆಲಸದ ವಾರ್ನಿಷ್ ಆಗಿ ರಾಳವನ್ನು ಬಲ್ಲ ಜನರಿಗೂ, ಅದು ಎರಡು ಸಾವಿರ ವರ್ಷಗಳಷ್ಟು ಕಾಲ ಉರಿ, ತುರಿಕೆ, ಒಡಕು, ಸೋರುವ ಹುಣ್ಣುಗಳ ಚಿಕಿತ್ಸೆಯಲ್ಲಿ ಒಂದು ಖಚಿತವಾದ ಸ್ಥಾನ ಪಡೆದಿತ್ತೆಂಬುದು ಅಷ್ಟಾಗಿ ತಿಳಿದಿಲ್ಲ. ಈ ಚರಿತ್ರೆಯನ್ನು ಹಿಂಬಾಲಿಸಿ ಹೋದಾಗ ಸ್ಪಷ್ಟವಾಗುವ ಮುಖ್ಯ ಸಂಗತಿಯೆಂದರೆ, ಹಳೆಯ ವೈದ್ಯರು ಚರ್ಮಕ್ಕೆ ರಾಳವನ್ನು ಒಂಟಿಯಾಗಿ ಬಳಸಿದ್ದು ಅಪರೂಪ. ಎಣ್ಣೆ, ತುಪ್ಪ, ಜೇನುಮೇಣಗಳೊಡನೆ ಅದನ್ನು ಕೂಡಿಸಿದ ‘ಯೋಗ’ವೇ, ಅಂದರೆ ಹಲವು ದ್ರವ್ಯಗಳನ್ನು ಒಂದು ಕ್ರಮದಲ್ಲಿ ಬೆರೆಸಿದ ಸಂಯುಕ್ತವೇ, ಅವರ ದೃಷ್ಟಿಯಲ್ಲಿ ಔಷಧವಾಗಿತ್ತು.

ಮೊದಲಿಗೆ ದ್ರವ್ಯದ ಸ್ವರೂಪವನ್ನು ತಿಳಿಯುವುದು ಅಗತ್ಯ. ಮರದಿಂದ ಒಸರುವ ಎಲ್ಲ ಅಂಟೂ ರಾಳವಲ್ಲ. ಜಾಲಿ ಮರದ ಗೋಂದಿನಂತೆ ನೀರಿನಲ್ಲಿ ಕರಗುವುದು ಅಥವಾ ಉಬ್ಬುವುದು ಬರಿಯ ಅಂಟು. ನೀರಿನಲ್ಲಿ ಕರಗದೆ, ಬಿಸಿ ಎಣ್ಣೆಯಲ್ಲಿಯೂ ಮದ್ಯಸಾರದಲ್ಲಿಯೂ ಕರಗಿ, ಬೆಂಕಿಗೆ ಹಿಡಿದರೆ ಸುಗಂಧದ ಹೊಗೆ ಬಿಟ್ಟು ಉರಿಯುವುದು ರಾಳ. ಗುಗ್ಗುಳದಂಥ ಕೆಲವು ಸ್ರಾವಗಳಲ್ಲಿ ಅಂಟು, ರಾಳ, ಆವಿಯಾಗುವ ಸುಗಂಧತೈಲ ಮೂರೂ ಬೆರೆತಿರುವುದರಿಂದ ಅವು ನೀರಿನಲ್ಲಿ ಭಾಗಶಃ ಕದಡಿಕೊಳ್ಳುತ್ತವೆ, ಎಣ್ಣೆಯಲ್ಲಿ ಭಾಗಶಃ ಕರಗುತ್ತವೆ. ಈ ವ್ಯತ್ಯಾಸವೇ ಔಷಧಪ್ರಯೋಗದ ದಾರಿಯನ್ನೂ ನಿರ್ಧರಿಸಿತು: ಶುದ್ಧ ರಾಳಗಳು ಹೆಚ್ಚಾಗಿ ಎಣ್ಣೆಯಲ್ಲಿ ಕರಗಿ ಮೈಮೇಲೆ ಹಚ್ಚುವ ಲೇಪಗಳಾದವು, ಮಿಶ್ರ ಸ್ರಾವವಾದ ಗುಗ್ಗುಳವು ಕಷಾಯದಲ್ಲಿ ಬೆಂದು ಗುಳಿಗೆಯಾಗಿ ಹೊಟ್ಟೆಗೆ ಹೋಯಿತು.

ಸಂಸ್ಕೃತ ಗ್ರಂಥಗಳು ‘ಸರ್ಜರಸ’ ಎಂದು ಕರೆದ ರಾಳವು ಉತ್ತರ ಭಾರತದಲ್ಲಿ ಸಾಲವೃಕ್ಷದ ಸ್ರಾವ. ಸಾಲವೃಕ್ಷ ಬೆಳೆಯದ ಪಶ್ಚಿಮ ಘಟ್ಟದ ಸೀಮೆಯಲ್ಲಿ ಅದೇ ಸಸ್ಯಕುಟುಂಬಕ್ಕೆ ಸೇರಿದ, ಕನ್ನಡಿಗರು ಧೂಪದ ಮರ ಅಥವಾ ಸಾಲುಧೂಪವೆಂದು ಕರೆಯುವ ಮರದ ಬಿಳಿಯ ರಾಳ ಆ ಸ್ಥಾನವನ್ನು ತುಂಬಿತು. ಇದಲ್ಲದೆ ಘಟ್ಟದ ನಿತ್ಯಹರಿದ್ವರ್ಣ ಕಾಡುಗಳಲ್ಲಿ ಕರಿಧೂಪದ ಮರ ಕಪ್ಪು ಹೊಳಪಿನ ರಾಳವನ್ನು ಕೊಡುತ್ತದೆ. ಒಣಗಾಡಿನಲ್ಲಿ ಬೆಳೆಯುವ ಶಲ್ಲಕಿ ಮರದ ಸ್ರಾವಕ್ಕೆ ‘ಕುಂದುರು’ ಎಂಬ ಹೆಸರಿದೆ. ರಾಜಸ್ಥಾನ, ಗುಜರಾತಿನ ಕಚ್ಛ್ ಮತ್ತು ಸಿಂಧ್ ಪ್ರಾಂತಗಳ ಮರಳುಸೀಮೆಯ ಮುಳ್ಳುಗಿಡವೊಂದು ಗುಗ್ಗುಳದ ಆಕರ. ಈ ದ್ರವ್ಯಗಳೆಲ್ಲ ಕರ್ನಾಟಕದ ಗ್ರಂಥಿಗೆ ಅಂಗಡಿಗಳಲ್ಲಿ ಒಂದೇ ಕಪಾಟಿನಲ್ಲಿ ಕೂಡಿದರೂ ಅವುಗಳ ಹುಟ್ಟು, ಗುಣ, ಉಪಯೋಗ ಬೇರೆ ಬೇರೆ.

ಹಳೆಯ ಗ್ರಂಥಗಳು ಚರ್ಮರೋಗವೆಂದು ಏನನ್ನು ಪರಿಗಣಿಸಿದ್ದವು ಎಂಬುದೂ ಇಲ್ಲಿ ಮುಖ್ಯ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಏಳನೆಯ ಅಧ್ಯಾಯ ಕುಷ್ಠಚಿಕಿತ್ಸೆಗೆ ಮೀಸಲಾಗಿದೆ. ಇಂದಿನ ಆಡುಮಾತಿನಲ್ಲಿ ಕುಷ್ಠವೆಂದರೆ ತೊನ್ನು ಅಥವಾ ಕುಷ್ಠರೋಗವೆಂಬ ಅರ್ಥ ಬಂದಿದ್ದರೂ, ಸಂಹಿತೆಯಲ್ಲಿ ಅದು ಚರ್ಮದ ಬಣ್ಣವನ್ನೋ ರೂಪವನ್ನೋ ಕೆಡಿಸುವ ಹಲವು ಕಾಯಿಲೆಗಳ ಸಾಮೂಹಿಕ ಹೆಸರು. ಅದರಲ್ಲಿ ಏಳು ಮಹಾಕುಷ್ಠಗಳು, ಹನ್ನೊಂದು ಕ್ಷುದ್ರಕುಷ್ಠಗಳು, ಒಟ್ಟು 18 ಬಗೆಗಳು ಸೇರಿವೆ. ಕ್ಷುದ್ರಕುಷ್ಠಗಳ ಪೈಕಿ ಕೈಕಾಲುಗಳಲ್ಲಿ ಒಡಕು ಮೂಡಿ ನೋಯುವುದು ವಿಪಾದಿಕಾ, ತುರಿಕೆಯಿಂದ ಕೂಡಿ ಸೋರುವ ಗುಳ್ಳೆಗಳು ಏಳುವುದು ವಿಚರ್ಚಿಕಾ, ಕಪ್ಪಾಗಿ ಒರಟುಗಟ್ಟಿ ಮುಟ್ಟಿದರೆ ಗಾಯದ ಕಲೆಯಂತಿರುವುದು ಕಿಟಿಭ, ಬೆವರಿಲ್ಲದೆ ಮೀನಿನ ಪೊರೆಯಂತೆ ಹರಡಿಕೊಳ್ಳುವುದು ಏಕಕುಷ್ಠ. ಇಂದಿನ ಆಯುರ್ವೇದ ವೈದ್ಯರು ವಿಚರ್ಚಿಕೆಯನ್ನು ಇಸಬಿಗೂ, ಕಿಟಿಭ ಮತ್ತು ಏಕಕುಷ್ಠಗಳನ್ನು ಸೋರಿಯಾಸಿಸ್‌ಗೂ ಹೋಲಿಸುವುದು ವಾಡಿಕೆ. ಹೋಲಿಕೆ ಪೂರ್ಣವಲ್ಲ, ಏಕೆಂದರೆ ಒಂದು ಪದ್ಧತಿ ಲಕ್ಷಣಗಳನ್ನು ನೋಡಿ ಹೆಸರಿಟ್ಟರೆ ಇನ್ನೊಂದು ಕಾರಣವನ್ನೂ ಅಂಗಾಂಶದ ಬದಲಾವಣೆಯನ್ನೂ ನೋಡಿ ಹೆಸರಿಡುತ್ತದೆ. ಆದರೂ ಒಣಗಿ, ಕೆಂಪಾಗಿ, ಹೊಟ್ಟೆದ್ದು, ಒಡೆದು, ಉರಿಯುವ ಚರ್ಮವೆಂಬ ಅನುಭವ ಎರಡಕ್ಕೂ ಸಾಮಾನ್ಯವಾದದ್ದು.

ಇಂಥ ಚರ್ಮಕ್ಕೆಂದು ಚರಕ ಹೇಳಿದ ಯೋಗಗಳಲ್ಲಿ ರಾಳದ ಪಾತ್ರ ಅತ್ಯಂತ ಸ್ಪಷ್ಟವಾಗಿ ಕಾಣುವುದು ಮುಂದಿನ ಪರಂಪರೆ ‘ಜೀವಂತ್ಯಾದಿ ಯಮಕ’ವೆಂದು ಕರೆದ ಮುಲಾಮಿನಲ್ಲಿ. ಯಮಕವೆಂದರೆ ಎರಡು ಜಿಡ್ಡುಗಳ ಜೋಡಿ. ಇಲ್ಲಿ ತುಪ್ಪ ಮತ್ತು ಎಳ್ಳೆಣ್ಣೆ ಒಟ್ಟಾಗಿ ಕಾಯುತ್ತವೆ. ಜೀವಂತಿ, ಮಂಜಿಷ್ಠ, ಮರದರಿಶಿನ, ಕುಂಕುಮದ ಮರದ ಕಾಯಿಯ ಮೇಲಿನ ಕೆಂಪು ಪುಡಿ, ಹಾಲು, ಮೈಲುತುತ್ತ ಇವುಗಳೊಡನೆ ಆ ಜಿಡ್ಡನ್ನು ಪಾಕಮಾಡಿದ ಮೇಲೆ, ಕೊನೆಯಲ್ಲಿ ಸರ್ಜರಸವನ್ನೂ ಜೇನುಮೇಣವನ್ನೂ ಸೇರಿಸಬೇಕೆಂಬುದು ವಿಧಿ. ವಿಪಾದಿಕಾ, ಚರ್ಮಕುಷ್ಠ, ಏಕಕುಷ್ಠ, ಕಿಟಿಭ ಮತ್ತು ಅಲಸಕಗಳನ್ನು ಈ ಲೇಪ ಶಮನಗೊಳಿಸುತ್ತದೆಂದು ಗ್ರಂಥ ಹೇಳುತ್ತದೆ.

ಈ ಯೋಗದ ರಚನೆಯನ್ನು ಹತ್ತಿರದಿಂದ ನೋಡಿದರೆ ಪ್ರತಿಯೊಂದು ದ್ರವ್ಯಕ್ಕೂ ಗೊತ್ತಾದ ಕೆಲಸವಿರುವುದು ತಿಳಿಯುತ್ತದೆ. ಬೇರು-ತೊಗಟೆಗಳ ಸಾರ ಮೊದಲು ಜಿಡ್ಡಿಗೆ ಇಳಿಯಬೇಕು. ನೀರಿನಂಶ ಪೂರ್ತಿ ಇಂಗಿ ನೊರೆ ಅಡಗಿದ ಬಳಿಕವೇ ಪಾಕ ಮುಗಿದಂತೆ. ರಾಳವೂ ಮೇಣವೂ ಅದಕ್ಕಿಂತ ಮುಂಚೆ ಬಿದ್ದರೆ ಕಲ್ಕ, ಅಂದರೆ ಅರೆದ ಮೂಲಿಕೆಯ ಮುದ್ದೆ, ಅಂಟಿಕೊಂಡು ಸೋಸಲು ಬಾರದು ಮತ್ತು ತಳ ಹಿಡಿಯುತ್ತದೆ. ಸೋಸಿದ ಬಿಸಿ ಜಿಡ್ಡಿನಲ್ಲಿ ಪುಡಿಮಾಡಿದ ರಾಳ ಕರಗುತ್ತದೆ, ಮೇಣ ಅದನ್ನು ಹಿಡಿದಿಡುತ್ತದೆ, ತಣಿದಾಗ ಹರಿದುಹೋಗದೆ ಹಚ್ಚಿದ ಜಾಗದಲ್ಲೇ ನಿಲ್ಲುವ ಗಟ್ಟಿ ಮುಲಾಮು ಸಿದ್ಧವಾಗುತ್ತದೆ. ಒಡೆದ ಹಿಮ್ಮಡಿಗೆ ಬರಿಯ ಎಣ್ಣೆ ಹಚ್ಚಿದರೆ ನಡೆದಾಡುವಾಗ ಅಳಿಸಿಹೋಗುತ್ತದೆ, ಬರಿಯ ಮೇಣ ಸಂದಿಗೆ ಇಳಿಯುವುದಿಲ್ಲ. ರಾಳ ಸೇರಿದಾಗ ಮಾತ್ರ ಆ ಮಿಶ್ರಣ ಒಡಕಿನೊಳಗೆ ಅಂಟಿ ತೆಳುಪೊರೆಯಾಗಿ ಉಳಿಯುತ್ತದೆ. ಚರ್ಮದೊಳಗಿನ ತೇವ ಆರದಂತೆ ತಡೆಯುವುದು ಒಣ ಇಸಬಿನ ಮತ್ತು ಸೋರಿಯಾಸಿಸ್‌ನ ಆರೈಕೆಯಲ್ಲಿ ಇಂದಿನ ವೈದ್ಯರೂ ಮೊದಲು ಹೇಳುವ ಮಾತಾಗಿರುವುದರಿಂದ, ಈ ಹಳೆಯ ಕ್ರಮದ ಹಿಂದೆ ನಿಖರವಾದ ವೀಕ್ಷಣೆ ಇತ್ತೆಂದು ಹೇಳಬಹುದು.

ಚರಕಸಂಹಿತೆಯಲ್ಲೇ ವಾತರಕ್ತ ಚಿಕಿತ್ಸೆಯ ಸಂದರ್ಭದಲ್ಲಿ ಬರುವ ‘ಪಿಂಡತೈಲ’ ಇದೇ ಬಗೆಯ ಇನ್ನೊಂದು ಯೋಗ. ವಾತರಕ್ತವೆಂದರೆ ಕೀಲುಗಳಲ್ಲಿ ನೋವು, ಬಾವು, ಚರ್ಮ ಕೆಂಪಾಗಿ ಸುಡುವಂತಾಗುವುದು ಮೊದಲಾದ ಲಕ್ಷಣಗಳ ರೋಗ. ಎಳ್ಳೆಣ್ಣೆ, ಮಂಜಿಷ್ಠ, ಸೊಗದೆ ಬೇರು, ಸರ್ಜರಸ, ಜೇನುಮೇಣ ಇಷ್ಟರಿಂದಲೇ ಸಿದ್ಧವಾಗುವ ಈ ತೈಲ ತಣಿದಾಗ ಮುದ್ದೆಯಂತೆ ನಿಲ್ಲುತ್ತದೆ. ಅಂಗಾಲು ಉರಿ, ಹಿಮ್ಮಡಿ ಒಡಕು, ಕೆಂಪೇರಿದ ಚರ್ಮಗಳಿಗೆ ಇದು ದಕ್ಷಿಣ ಭಾರತದ ವೈದ್ಯಶಾಲೆಗಳಲ್ಲಿ ಇಂದಿಗೂ ತಯಾರಾಗುತ್ತಿದೆ. ಸಂಹಿತೆಯ ಕಾಲದಿಂದ ಹೆಚ್ಚು ಬದಲಾಗದೆ ಬಳಕೆಯಲ್ಲಿ ಉಳಿದ ರಾಳದ ಔಷಧಗಳಲ್ಲಿ ಇದನ್ನು ಮೊದಲು ಹೆಸರಿಸಬೇಕು.

ಹೊರಗಿನ ಲೇಪಗಳಲ್ಲಿ ಸರ್ಜರಸಕ್ಕೆ ಸಂದ ಸ್ಥಾನ ಒಳಗಿನ ಔಷಧಗಳಲ್ಲಿ ಗುಗ್ಗುಳಕ್ಕೆ ಸಂದಿತು. ಅಥರ್ವವೇದದಲ್ಲೇ ಹೆಸರು ಕಾಣುವ ಗುಗ್ಗುಳವನ್ನು ವಾಗ್ಭಟನ ಅಷ್ಟಾಂಗಹೃದಯವು ಬೇವು, ಅಮೃತಬಳ್ಳಿ, ಆಡುಸೋಗೆ, ಕಾಡುಪಡವಲ, ನೆಲಗುಳ್ಳ ಎಂಬ ಐದು ಕಹಿಮೂಲಿಕೆಗಳೊಡನೆ ತುಪ್ಪದಲ್ಲಿ ಪಾಕಮಾಡಲು ವಿಧಿಸಿ, ಆ ಯೋಗವನ್ನು ಕುಷ್ಠ, ನಾಡೀವ್ರಣ ಮೊದಲಾದವುಗಳಿಗೆ ಹೇಳಿದೆ. ಪಂಚತಿಕ್ತ ಗುಗ್ಗುಲು ಘೃತವೆಂದು ಅದು ಪ್ರಸಿದ್ಧ. ಶಾರ್ಙ್ಗಧರ ಸಂಹಿತೆಯ ಕೈಶೋರ ಗುಗ್ಗುಲುವಿನಲ್ಲಿ ಅಮೃತಬಳ್ಳಿ ಮತ್ತು ತ್ರಿಫಲೆ ಗುಗ್ಗುಳದ ಜೊತೆಗಾರರು. ಇಲ್ಲಿಯೂ ಹಸಿ ಗುಗ್ಗುಳವನ್ನು ನೇರವಾಗಿ ಕೊಡುವ ರೂಢಿಯಿಲ್ಲ. ಕಲ್ಲು, ಮರಳು, ತೊಗಟೆ ಬೆರೆತ ಸ್ರಾವವನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ, ಪಾತ್ರೆಯ ಬಾಯಿಗೆ ಅಡ್ಡವಾಗಿಟ್ಟ ಕೋಲಿನಿಂದ ತ್ರಿಫಲಾ ಕಷಾಯದಲ್ಲೋ ಹಸುವಿನ ಹಾಲಿನಲ್ಲೋ ಇಳಿಬಿಟ್ಟು ಬೇಯಿಸುವ ‘ದೋಲಾಯಂತ್ರ’ದ ಕ್ರಮದಿಂದ ಅದನ್ನು ಶೋಧಿಸಬೇಕು. ಕರಗುವ ಭಾಗ ಬಟ್ಟೆಯಿಂದ ಹೊರಬಂದು ಕಷಾಯದಲ್ಲಿ ಸೇರುತ್ತದೆ, ಕಶ್ಮಲ ಗಂಟಿನಲ್ಲೇ ಉಳಿಯುತ್ತದೆ. ಬಳಿಕ ಕಷಾಯವನ್ನು ಇಂಗಿಸಿ ಗುಗ್ಗುಳವನ್ನು ಪಡೆಯಲಾಗುತ್ತದೆ. ಶೋಧಿಸದ ಗುಗ್ಗುಳ ದೇಹಕ್ಕೆ ಕೆಡುಕೆಂಬ ತಿಳಿವಳಿಕೆ ಪರಂಪರೆಯಲ್ಲಿ ಗಟ್ಟಿಯಾಗಿತ್ತು.

ರಾಳದ ಮೂರನೆಯ ಪ್ರಯೋಗ ಹೊಗೆ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯವು ಶಸ್ತ್ರಚಿಕಿತ್ಸೆಯಾದ ಗಾಯಕ್ಕೂ ರೋಗಿಯಿರುವ ಕೋಣೆಗೂ ಗುಗ್ಗುಳ, ಅಗರು, ಸರ್ಜರಸ, ಬಜೆ, ಬಿಳಿ ಸಾಸಿವೆಗಳ ಪುಡಿಗೆ ಉಪ್ಪು, ಬೇವಿನೆಲೆ, ತುಪ್ಪ ಬೆರೆಸಿ ಧೂಪ ಹಾಕಲು ಹೇಳುತ್ತದೆ. ಅರಮನೆಯ ಭೋಗ ಮತ್ತು ದೇವಾಲಯದ ಪೂಜೆಗಳಲ್ಲಿ ಬಳಕೆಯಾದ ಧೂಪಕ್ಕೂ ಈ ವೈದ್ಯಧೂಪಕ್ಕೂ ದ್ರವ್ಯಗಳು ಬಹುಮಟ್ಟಿಗೆ ಒಂದೇ ಆಗಿದ್ದವು. 12ನೆಯ ಶತಮಾನದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ರಾಜಭೋಗಗಳ ನಡುವೆ ಧೂಪಭೋಗವನ್ನು ಪ್ರತ್ಯೇಕವಾಗಿ ವಿವರಿಸಿದೆ. ಉತ್ತರ ಕರ್ನಾಟಕದಲ್ಲಿ ವೀರಭದ್ರನ ಆರಾಧನೆಯ ಅಂಗವಾಗಿ ಉರಿಯುವ ಕೊಡಗಳನ್ನು ಹೊತ್ತು ಸಾಗುವ ‘ಗುಗ್ಗಳ’ದ ಆಚರಣೆ ಇಂದಿಗೂ ಜೀವಂತವಾಗಿದೆ. ಹೀಗೆ ಪೂಜೆಯ ಬೇಡಿಕೆಯೇ ರಾಳದ ವ್ಯಾಪಾರವನ್ನು ಪೋಷಿಸಿತು, ಆ ವ್ಯಾಪಾರದ ದಾರಿಯಲ್ಲೇ ವೈದ್ಯನಿಗೂ ದ್ರವ್ಯ ದೊರೆಯಿತು.

ಕನ್ನಡ ನಾಡಿನ ಮಟ್ಟಿಗೆ ಈ ವ್ಯಾಪಾರಕ್ಕೆ ಶಾಸನದ ಆಧಾರವಿದೆ. ಶಿಕಾರಿಪುರ ತಾಲ್ಲೂಕಿನ 11ನೆಯ ಶತಮಾನದ ಶಾಸನವೊಂದು ಅಯ್ಯಾವೊಳೆ ಐನೂರ್ವರೆಂಬ ವರ್ತಕಸಂಘದವರು ದೇಶದೇಶಗಳಲ್ಲಿ ಮಾರುತ್ತಿದ್ದ ಸರಕುಗಳನ್ನು ಬಣ್ಣಿಸುವಾಗ ರತ್ನಗಳು, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿ, ಕೇಸರಿಗಳ ಜೊತೆಯಲ್ಲಿ ಗುಗ್ಗುಳವನ್ನೂ ಎಣಿಸುತ್ತದೆ. ಕ್ರಿಸ್ತಶಕದ ಮೊದಲ ಶತಮಾನದ ಗ್ರೀಕ್ ನಾವಿಕಗ್ರಂಥ ಪೆರಿಪ್ಲಸ್‌ನಲ್ಲಿ ಸಿಂಧೂನದಿಯ ಮುಖದ ರೇವಿನಿಂದಲೂ ಭರೂಚಿನಿಂದಲೂ ಪಶ್ಚಿಮಕ್ಕೆ ಹಡಗೇರುತ್ತಿದ್ದ ಸರಕಾಗಿ ಕಾಣುವ ಇದೇ ದ್ರವ್ಯ, ಒಳನಾಡಿನ ದಾರಿಗಳಲ್ಲಿ ಎತ್ತು-ಕತ್ತೆಗಳ ಮೇಲೆ ಸಾಗಿ ಮಲೆನಾಡಿನ ಅಂಚಿನ ಪೇಟೆಗಳನ್ನೂ ಮುಟ್ಟಿತ್ತು. ಶಿಕಾರಿಪುರದ ಆ ಶಾಸನದ ಕಾಲದ ಆಚೀಚೆ ಕರ್ನಾಟಕದಲ್ಲಿ ವೈದ್ಯಸಾಹಿತ್ಯವೂ ಬೆಳೆದಿತ್ತು. ರಾಷ್ಟ್ರಕೂಟರ ಕಾಲದ ಜೈನಮುನಿ ಉಗ್ರಾದಿತ್ಯ ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿ ಸಂಸ್ಕೃತದಲ್ಲಿ ಕಲ್ಯಾಣಕಾರಕವನ್ನು ಬರೆದನು. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ವೈದ್ಯಗ್ರಂಥವನ್ನು ಕರ್ಣಾಟಕ ಕಲ್ಯಾಣಕಾರಕವೆಂಬ ಹೆಸರಿನಲ್ಲಿ ಕನ್ನಡಕ್ಕೆ ತಂದನು. ಇಂಥ ಕೃತಿಗಳಿಂದ ಸಂಸ್ಕೃತ ಬಾರದ ವೈದ್ಯರಿಗೂ ಶಾಸ್ತ್ರದ ಬಾಗಿಲು ತೆರೆಯಿತು.

ದೂರದಿಂದ ಬರುವ ದ್ರವ್ಯಕ್ಕೆ ಸ್ಥಳೀಯ ದ್ರವ್ಯವನ್ನು ಪ್ರತಿನಿಧಿಯಾಗಿ ಹಿಡಿಯುವುದು ಭಾರತೀಯ ವೈದ್ಯದ ಮಾನ್ಯ ಕ್ರಮ. ಸಾಲವೃಕ್ಷದ ರಾಳಕ್ಕೆ ಬದಲಾಗಿ ಧೂಪದ ಮರದ ರಾಳ ಬಂದದ್ದು ಇದಕ್ಕೆ ಉತ್ತಮ ನಿದರ್ಶನ. ಪಶ್ಚಿಮ ಘಟ್ಟದಲ್ಲಿ ಮಾತ್ರ ಸಹಜವಾಗಿ ಬೆಳೆಯುವ ಈ ಮರವನ್ನು ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ 1678ರಿಂದ 1693ರವರೆಗೆ ಆಮ್ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಲ್ಲಿ ಪ್ರಕಟವಾದ ಹೋರ್ಟಸ್ ಮಲಬಾರಿಕಸ್ ಗ್ರಂಥದಲ್ಲಿ ಅದರ ಮಲಯಾಳದ ಹೆಸರಿನಿಂದಲೇ ಚಿತ್ರಸಹಿತ ದಾಖಲಿಸಿದನು. 1753ರಲ್ಲಿ ಲಿನೇಯಸ್ ಅದಕ್ಕೆ ವಟೇರಿಯಾ ಇಂಡಿಕಾ ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟನು. ಟಿಪ್ಪುವಿನ ಪತನದ ಬಳಿಕ 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿ 1807ರಲ್ಲಿ ತನ್ನ ಪ್ರವಾಸವೃತ್ತಾಂತವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ ಈ ಮರಕ್ಕೆ ಜನ ಹೇಳುತ್ತಿದ್ದ ‘ಧೂಪದ’ ಎಂಬ ಕನ್ನಡ ಹೆಸರನ್ನೇ ತನ್ನ ಸಸ್ಯನಾಮದಲ್ಲಿ ಉಳಿಸಿಕೊಂಡನು. ಕರಾವಳಿ ಮತ್ತು ಮಲೆನಾಡಿನಲ್ಲಿ ರಸ್ತೆಯ ಇಕ್ಕೆಲಗಳಲ್ಲಿ ನೆರಳಿಗಾಗಿ ನೆಟ್ಟ ಸಾಲುಧೂಪದ ಮರಗಳು ಪ್ರಯಾಣಿಕರಿಗೆ ನೆರಳು, ಪೂಜೆಗೆ ಧೂಪ, ದೀಪಕ್ಕೆ ಬೀಜದ ಗಟ್ಟಿ ಎಣ್ಣೆ, ವೈದ್ಯರಿಗೆ ರಾಳ ಎಲ್ಲವನ್ನೂ ಒದಗಿಸಿದವು.

ರಾಳವನ್ನು ಇಳಿಸುವ ಕೆಲಸ ಸುಲಭದ್ದಲ್ಲ, ಮರಕ್ಕೆ ಅಪಾಯವಿಲ್ಲದ್ದೂ ಅಲ್ಲ. ಧೂಪದ ಮರದ ತೊಗಟೆಗೆ ಕಚ್ಚುಹಾಕಿದರೆ ಗಾಯದಿಂದ ರಾಳ ನಿಧಾನವಾಗಿ ಒಸರಿ, ಗಾಳಿಗೆ ಗಟ್ಟಿಯಾಗಿ, ತಿಳಿಹಳದಿಯಿಂದ ಹಸಿರುಛಾಯೆಯವರೆಗಿನ ಹರಳುಗಳಾಗುತ್ತದೆ. ಕರಿಧೂಪಕ್ಕೆ 19ನೆಯ ಶತಮಾನದ ವರದಿಗಳು ವಿವರಿಸುವ ಕ್ರಮ ಇನ್ನೂ ಕಠಿಣ: ಕಾಂಡದ ಮೇಲೆ ಉದ್ದುದ್ದವಾಗಿ ಕಚ್ಚುಹಾಕಿ, ಬುಡದ ಸುತ್ತ ಗಜದೆತ್ತರ ಪುರಲೆ ಪೇರಿಸಿ ಬೆಂಕಿ ಕೊಟ್ಟು ತೊಗಟೆಯನ್ನು ಸಾಯಿಸಿದರೆ, ಎರಡು ವರ್ಷಗಳ ಬಳಿಕ ರಾಳ ಸುರಿಯತೊಡಗಿ ಹತ್ತು ವರ್ಷಗಳವರೆಗೂ ಸಿಗುತ್ತದೆ. ನೀಲಗಿರಿಯ ಸುತ್ತಲಿನ ಕಾಡುಗಳ ಆದಿವಾಸಿ ಸಮುದಾಯಗಳು ಈ ಕೆಲಸದ ನಿಜವಾದ ಪರಿಣತರು. ಯಾವ ಮರ ಎಷ್ಟು ಗಾಯವನ್ನು ತಾಳಬಲ್ಲದು, ಯಾವ ಋತುವಿನಲ್ಲಿ ರಾಳ ಕೈಗೆ ಬರುತ್ತದೆ ಎಂಬ ಅವರ ತಿಳಿವಳಿಕೆಯಿಲ್ಲದೆ ಗ್ರಂಥದಲ್ಲಿ ಬರೆದ ಯೋಗ ಯಾವುದೂ ರೋಗಿಯ ಕೈಗೆ ತಲುಪುತ್ತಿರಲಿಲ್ಲ.

ರಾಳದ ಮುಲಾಮಿಗೆ ಮತ್ತೊಂದು ತಿರುವು ಬಂದದ್ದು ದಖನ್ನಿನ ಸುಲ್ತಾನರ ಮತ್ತು ಮೊಗಲರ ಕಾಲದಲ್ಲಿ, ಯುನಾನಿ ಮತ್ತು ಆಯುರ್ವೇದ ಪದ್ಧತಿಗಳು ಒಂದೇ ಪೇಟೆಯಲ್ಲಿ ವ್ಯವಹರಿಸತೊಡಗಿದಾಗ. ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿದ್ದ ಇತಿಹಾಸಕಾರ ಫಿರಿಷ್ತಾ ಭಾರತೀಯ ವೈದ್ಯವನ್ನು ಆಧರಿಸಿ ಪಾರ್ಸಿ ಭಾಷೆಯಲ್ಲಿ ದಸ್ತೂರ್-ಉಲ್-ಅತಿಬ್ಬಾ ಎಂಬ ವೈದ್ಯಗ್ರಂಥವನ್ನು ಬರೆದದ್ದು ಆ ಸಂಪರ್ಕಕ್ಕೆ ಕನ್ನಡ ನೆಲದ ಸಾಕ್ಷಿ. ಯುನಾನಿ ಹಕೀಮರ ‘ಮರ್ಹಮ್’, ಅಂದರೆ ಮೇಣ ಮತ್ತು ಎಣ್ಣೆಯ ತಳಹದಿಯ ಮುಲಾಮು, ಯೋಗರತ್ನಾಕರದಂಥ ತಡವಾದ ಆಯುರ್ವೇದ ಸಂಗ್ರಹಗಳಲ್ಲಿ ‘ಮಲಹರ’ವೆಂಬ ಪ್ರತ್ಯೇಕ ಔಷಧರೂಪವಾಗಿ ನೆಲೆಗೊಂಡಿತು. ಸರ್ಜರಸ ಮಲಹರ ಅಥವಾ ರಾಳದ ಮಲಹರ ಈ ವರ್ಗದಲ್ಲಿ ಹೆಸರಾಂತದ್ದು.

ಅದರ ತಯಾರಿಕೆಯಲ್ಲಿ ಎಳ್ಳೆಣ್ಣೆ, ರಾಳದ ಪುಡಿ, ಮೈಲುತುತ್ತ, ಪಟಿಕ ಈ ನಾಲ್ಕು ದ್ರವ್ಯಗಳು ಸೇರುತ್ತವೆ. ಹದವಾಗಿ ಕಾಯಿಸಿದ ಎಣ್ಣೆಯಲ್ಲಿ ನುಣ್ಣಗೆ ಅರೆದ ರಾಳವನ್ನು ಕರಗಿಸಿ, ಸೋಸಿ, ಉಳಿದ ಪುಡಿಗಳನ್ನು ಬೆರೆಸಿ, ಅಗಲವಾದ ಪಾತ್ರೆಯಲ್ಲಿ ತಣ್ಣೀರು ಹಾಕಿ ಅಂಗೈಯಿಂದ ಮತ್ತೆ ಮತ್ತೆ ಕಡೆಯಬೇಕು; ನೀರನ್ನು ಚೆಲ್ಲಿ ಹೊಸ ನೀರು ಹಾಕಿ ಹಲವಾರು ಸಲ ತೊಳೆಯಬೇಕು. ಮೊದಲಿಗೆ ಕಂದುಬಣ್ಣದ ಅಂಟಾಗಿರುವ ಎಣ್ಣೆ ತೊಳೆತೊಳೆದಂತೆ ನೀರನ್ನೂ ಗಾಳಿಯನ್ನೂ ಹೀರಿ ಬಿಳಿಚಿ, ಉಬ್ಬಿ, ಆಗ ತಾನೇ ಕಡೆದ ಬೆಣ್ಣೆಯಂತಾಗುತ್ತದೆ. ತುಪ್ಪವನ್ನು ನೂರು ಸಲ ತೊಳೆಯುವ ಶತಧೌತಘೃತದ ಹಿಂದಿರುವುದೂ ಇದೇ ತತ್ತ್ವ. ತೊಳೆಯುವುದರಿಂದ ಎರಡು ಲಾಭಗಳಿವೆ: ನೀರಿನಲ್ಲಿ ಕರಗುವ ಪಟಿಕ ಮತ್ತು ತುತ್ತಗಳ ಹೆಚ್ಚಿನಂಶ ಹೊರಹೋಗಿ ಮುಲಾಮಿನ ತೀಕ್ಷ್ಣತೆ ಇಳಿಯುತ್ತದೆ, ಎಣ್ಣೆಯಲ್ಲಿ ಸೇರಿಕೊಂಡ ನೀರು ಉರಿಯುವ ಚರ್ಮದ ಮೇಲೆ ಆರುತ್ತಾ ತಂಪನ್ನು ಕೊಡುತ್ತದೆ. ಸುಟ್ಟಗಾಯ, ಉರಿ, ತುರಿಕೆ, ಮಾಯದ ಹುಣ್ಣುಗಳಿಗೆ ಇದನ್ನು ಹಚ್ಚುವ ಪದ್ಧತಿ ಬೆಳೆದದ್ದು ಇದರಿಂದಲೇ.

ರಾಳ ಮತ್ತು ಮೇಣದ ಈ ಜೋಡಿ ಭಾರತಕ್ಕಷ್ಟೇ ಸೀಮಿತವಾಗಿರಲಿಲ್ಲ. ಕ್ರಿಸ್ತಶಕದ ಮೊದಲ ಶತಮಾನದ ರೋಮಿನ ಲೇಖಕ ಸೆಲ್ಸಸ್ ಮೇಣ, ಮರದ ಡಾಂಬರು, ರಾಳ, ದನದ ಕೊಬ್ಬುಗಳನ್ನು ಸಮಭಾಗ ಬೆರೆಸಿದ ಮುಲಾಮನ್ನು ದಾಖಲಿಸಿದ್ದಾನೆ. ಅದರ ಸಂತತಿಯಾದ ಬ್ಯಾಸಿಲಿಕನ್ ಮುಲಾಮು ಯುರೋಪಿನ ಔಷಧಾಲಯಗಳಲ್ಲಿ 19ನೆಯ ಶತಮಾನದವರೆಗೂ ಉಳಿದಿತ್ತು. ಆದ್ದರಿಂದಲೇ ಬ್ರಿಟಿಷ್ ವೈದ್ಯರಿಗೆ ಧೂಪದ ರಾಳ ಅಪರಿಚಿತವೆನಿಸಲಿಲ್ಲ. ತಿರುವಾಂಕೂರಿನಲ್ಲಿ ಸೇವೆ ಸಲ್ಲಿಸಿದ್ದ ಎಡ್ವರ್ಡ್ ಜಾನ್ ವೇರಿಂಗ್ ಸಂಪಾದಿಸಿದ 1868ರ ಫಾರ್ಮಕೋಪಿಯಾ ಆಫ್ ಇಂಡಿಯಾ ಈ ರಾಳವು ಮಂದಶಾಖದಲ್ಲಿ ಮೇಣ ಮತ್ತು ಎಣ್ಣೆಯೊಡನೆ ಕೂಡಿ ಉತ್ತಮ ಮುಲಾಮಾಗುತ್ತದೆಂದು ಗುರುತಿಸಿತು. ಅಲ್ಲಿ ದಾಖಲಾದದ್ದು ಮುಲಾಮಿನ ತಳಹದಿಯಾಗಿ ರಾಳಕ್ಕಿರುವ ಉಪಯುಕ್ತತೆ. ಅದನ್ನು ಯಾವ ಚರ್ಮರೋಗಕ್ಕೆ, ಯಾವ ಮೂಲಿಕೆಗಳೊಡನೆ, ಯಾವ ಹಂತದಲ್ಲಿ ಬಳಸಬೇಕೆಂಬ ಸ್ಥಳೀಯ ವಿವೇಕ ಆ ಪುಟಗಳಿಂದ ಹೊರಗೇ ಉಳಿಯಿತು.

ಆ ಬಳಿಕದ ನೂರು ವರ್ಷಗಳಲ್ಲಿ ರಾಳದ ಮುಲಾಮು ಹಿಂದೆ ಸರಿಯಿತು. 1872ರಲ್ಲಿ ಅಮೆರಿಕದ ರಾಬರ್ಟ್ ಚೀಸ್‌ಬ್ರೋ ವ್ಯಾಸಲೀನಿಗೆ ಪೇಟೆಂಟ್ ಪಡೆದ ಮೇಲೆ ಕೆಡದ, ಅಗ್ಗದ, ಬಿಳಿಯ ತಳಹದಿಯೊಂದು ಔಷಧ ತಯಾರಕರಿಗೆ ದೊರೆಯಿತು; 1952ರಲ್ಲಿ ಹೈಡ್ರೊಕಾರ್ಟಿಸೋನ್ ಮುಲಾಮು ಇಸಬಿನ ಉರಿಯೂತವನ್ನು ತಗ್ಗಿಸುತ್ತದೆಂಬುದು ಪ್ರಕಟವಾದ ಮೇಲೆ ಚರ್ಮಚಿಕಿತ್ಸೆಯ ದಿಕ್ಕೇ ಬದಲಾಯಿತು. ಇತ್ತ ಮೈಸೂರಿನಲ್ಲಿ 1908ರಲ್ಲಿ ಸ್ಥಾಪನೆಯಾದ ಸರ್ಕಾರಿ ಆಯುರ್ವೇದ ಕಾಲೇಜಿನಂಥ ಸಂಸ್ಥೆಗಳು ಹಳೆಯ ಯೋಗಗಳ ಪಾಠವನ್ನು ಉಳಿಸಿಕೊಂಡವು, 1964ರ ತಿದ್ದುಪಡಿಯಿಂದ ಆಯುರ್ವೇದ ಔಷಧಗಳ ತಯಾರಿಕೆ ಔಷಧ ಮತ್ತು ಪ್ರಸಾಧನ ಕಾಯಿದೆಯ ವ್ಯಾಪ್ತಿಗೆ ಬಂದಿತು. ಆದರೆ ಮನೆಯಲ್ಲಿ ಕಾಯಿಸುತ್ತಿದ್ದ ರಾಳದ ಲೇಪ ಬಹುಪಾಲು ಮನೆಗಳಿಂದ ಮರೆಯಾಯಿತು.

ರಾಳದ ಮೇಲೆ ವಿಜ್ಞಾನದ ಗಮನ ಮತ್ತೆ ಬಿದ್ದದ್ದು ಪ್ರಯೋಗಾಲಯದ ದಾರಿಯಿಂದ. ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯವು 1980ರ ದಶಕದಲ್ಲಿ ಶಲ್ಲಕಿಯ ಸಾರ ಬಾವನ್ನು ಇಳಿಸುವ ಗುಣವುಳ್ಳದ್ದೆಂದು ತೋರಿಸಿತು. 1990ರ ದಶಕದ ಆರಂಭದಲ್ಲಿ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಸಂಶೋಧಕರು ಅದರಲ್ಲಿರುವ ಬಾಸ್ವೆಲಿಕ್ ಆಮ್ಲಗಳು 5-ಲಿಪಾಕ್ಸಿಜಿನೇಸ್ ಎಂಬ ಕಿಣ್ವವನ್ನು ತಡೆಯುತ್ತವೆಂದು ಕಂಡುಕೊಂಡರು. ದೇಹದಲ್ಲಿ ಲ್ಯೂಕೋಟ್ರೈನ್‌ಗಳೆಂಬ ಉರಿಯೂತಕಾರಕ ವಸ್ತುಗಳನ್ನು ಉತ್ಪಾದಿಸುವುದು ಆ ಕಿಣ್ವದ ಕೆಲಸ; ಸೋರಿಯಾಸಿಸ್‌ನ ಚರ್ಮದಲ್ಲಿ ಆ ವಸ್ತುಗಳ ಪಾತ್ರವಿರುವುದರಿಂದ ಈ ಶೋಧ ಚರ್ಮತಜ್ಞರ ಕುತೂಹಲವನ್ನು ಕೆರಳಿಸಿತು. 2014ರಲ್ಲಿ ಇಟಲಿಯ ಸಂಶೋಧಕರು ಶಲ್ಲಕಿಯ ಸಾರವಿರುವ ಮುಲಾಮನ್ನು ಸೋರಿಯಾಸಿಸ್ ಮತ್ತು ಇಸಬಿನ ರೋಗಿಗಳಲ್ಲಿ ಪರೀಕ್ಷಿಸಿ ಹೊಟ್ಟು, ಕೆಂಪು, ತುರಿಕೆಗಳಲ್ಲಿ ಸುಧಾರಣೆಯನ್ನು ವರದಿಮಾಡಿದರು. ಗುಗ್ಗುಳದ ಬಗ್ಗೆ 1966ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಜಿ. ವಿ. ಸತ್ಯವತಿ ಸಲ್ಲಿಸಿದ ಪ್ರಬಂಧ ಕೊಬ್ಬಿನ ವಿಕಾರಗಳಿಗೆ ಸಂಬಂಧಿಸಿದ್ದು. ಅದರ ಮುಂದುವರಿಕೆಯಾಗಿ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಗುಗುಲಿಪಿಡ್ ಎಂಬ ಔಷಧವನ್ನು ರೂಪಿಸಿತು. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೀವ್ರ ಸ್ವರೂಪದ ಮೊಡವೆಯಿದ್ದ 20 ಮಂದಿಯಲ್ಲಿ ಅದು ಟೆಟ್ರಾಸೈಕ್ಲಿನ್ ಎಂಬ ಪ್ರತಿಜೀವಕಕ್ಕೆ ಸರಿಸಮನಾದ ಫಲ ತೋರಿತು.

ಆದರೆ ಈ ಅಧ್ಯಯನಗಳೆಲ್ಲ ಚಿಕ್ಕವು ಮತ್ತು ಹೆಚ್ಚಿನವು ಸಾರವನ್ನು ಪ್ರತ್ಯೇಕಿಸಿ ಪರೀಕ್ಷಿಸಿದವು. ಹಳೆಯ ಯೋಗದ ಮಾದರಿಗೆ ಹೆಚ್ಚು ಹತ್ತಿರವಾದ ಪರೀಕ್ಷೆ ನಡೆದದ್ದು ಫಿನ್ಲೆಂಡಿನಲ್ಲಿ. ಅಲ್ಲಿನ ಲ್ಯಾಪ್‌ಲೆಂಡಿನ ಜನ ಸ್ಪ್ರೂಸ್ ಮರದ ರಾಳವನ್ನು ಕೊಬ್ಬಿನೊಡನೆ ಬೆರೆಸಿ ಗಾಯಗಳಿಗೆ ಹಚ್ಚುತ್ತಿದ್ದ ಮನೆಮದ್ದನ್ನು ವೈದ್ಯರು ಹಾಸಿಗೆ ಹುಣ್ಣುಗಳ ಮೇಲೆ ಪರೀಕ್ಷಿಸಿ, 2008ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ರಾಳದ ಮುಲಾಮು ಪಡೆದವರ ಹುಣ್ಣುಗಳು ಹೆಚ್ಚಿನ ಪ್ರಮಾಣದಲ್ಲಿ ಮಾಯ್ದವೆಂದು ತೋರಿಸಿದರು. ಜನರ ಕೈಯಲ್ಲಿದ್ದ ಮುಲಾಮನ್ನು ಒಡೆಯದೆ, ಇದ್ದ ರೂಪದಲ್ಲೇ ಪರೀಕ್ಷೆಗೆ ಒಡ್ಡಿದ್ದು ಆ ಕೆಲಸದ ಹೆಚ್ಚುಗಾರಿಕೆ. ಚರಕನ ಯಮಕಕ್ಕೂ ಪಿಂಡತೈಲಕ್ಕೂ ಅಂಥದೇ ಶಿಸ್ತಿನ, ದೊಡ್ಡ ಪ್ರಮಾಣದ ಪರೀಕ್ಷೆ ಸಲ್ಲಬೇಕು.

ರಾಳಗಳ ಅಪಾಯವನ್ನೂ ಇದೇ ಗಾಂಭೀರ್ಯದಿಂದ ಹೇಳಬೇಕಾಗುತ್ತದೆ. ಪೈನ್ ಮರದ ರಾಳವಾದ ಕೊಲೊಫನಿ ಚರ್ಮಕ್ಕೆ ಅಲರ್ಜಿ ತರುವ ವಸ್ತುಗಳ ಪ್ರಮಾಣಿತ ಪಟ್ಟಿಯಲ್ಲಿದೆ. ಅಂಟುಪಟ್ಟಿ, ವಾರ್ನಿಷ್‌ಗಳಿಂದ ಇಸಬು ಏಳುವವರಲ್ಲಿ ಅನೇಕರಿಗೆ ಅದೇ ಕಾರಣ. 2003ರಲ್ಲಿ ಅಮೆರಿಕದಲ್ಲಿ 103 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ ಗುಗುಲಿಪಿಡ್ ಕೊಲೆಸ್ಟರಾಲ್ ಇಳಿಸುವುದರಲ್ಲಿ ವಿಫಲವಾದುದಲ್ಲದೆ, ಸೇವಿಸಿದ ಕೆಲವರ ಚರ್ಮದ ಮೇಲೆ ದದ್ದುಗಳೆದ್ದವು. ಮೈಲುತುತ್ತ ತಾಮ್ರದ ಲವಣವಾದ್ದರಿಂದ ಶೋಧಿಸದೆ, ಅಳತೆ ತಪ್ಪಿ ಬಳಸಿದರೆ ಚರ್ಮವನ್ನು ಸುಡುತ್ತದೆ. ಮರದಿಂದ ಬಂದದ್ದೆಲ್ಲ ನಿರಪಾಯವೆಂಬ ನಂಬಿಕೆ ಹಳೆಯ ಗ್ರಂಥಗಳಲ್ಲಿ ಇಲ್ಲ. ಶೋಧನೆಯ ವಿಧಿಗಳನ್ನು ಅವು ಅಷ್ಟು ವಿಸ್ತಾರವಾಗಿ ಹೇಳಿದ್ದು ಅಪಾಯದ ಅರಿವಿದ್ದುದರಿಂದಲೇ.

ದ್ರವ್ಯದ ಮೂಲವೇ ಬತ್ತುತ್ತಿರುವುದು ಇನ್ನೊಂದು ಕಳವಳ. ಹೆಚ್ಚು ಅಂಟು ಇಳಿಸುವ ಆಸೆಯಿಂದ ಮಾಡಿದ ಆಳವಾದ ಗಾಯಗಳಿಂದ ಗುಗ್ಗುಳದ ಗಿಡ ಸಾಯುತ್ತದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಪಟ್ಟಿಯಲ್ಲಿ ಅದು ಇಂದು ಅಳಿವಿನ ತೀರ ಹತ್ತಿರ ಬಂದ ಸಸ್ಯಗಳ ವರ್ಗದಲ್ಲಿದೆ. ಕರಾವಳಿಯ ರಸ್ತೆಗಳು ಅಗಲವಾಗುತ್ತಾ ಹೋದಂತೆ ಇಕ್ಕೆಲಗಳ ಹಳೆಯ ಮರಗಳು ಉರುಳುತ್ತಿವೆ, ಅವುಗಳಲ್ಲಿ ಧೂಪದ ಮರಗಳೂ ಸೇರಿವೆ. ಅಸಲಿ ದ್ರವ್ಯ ವಿರಳವಾದಂತೆ ಪೇಟೆಯಲ್ಲಿ ರಾಳವೆಂಬ ಹೆಸರಿನಲ್ಲಿ ಅಗ್ಗದ ಪೈನ್ ರಾಳ ಸಿಗುವ ಸಂಭವ ಹೆಚ್ಚುತ್ತದೆ, ಅಲರ್ಜಿಯ ದೃಷ್ಟಿಯಿಂದ ಈ ಬೆರಕೆ ರೋಗಿಗೆ ನೇರವಾದ ಅಪಾಯ.

ಎರಡು ಸಾವಿರ ವರ್ಷಗಳ ಈ ಚರಿತ್ರೆಯಿಂದ ಒಂದು ತೀರ್ಮಾನಕ್ಕೆ ಬರಬಹುದು. ರಾಳದ ಮುಲಾಮು ಸರ್ವರೋಗನಿವಾರಕವಲ್ಲ; ಒಣಗಿ ಒಡೆದ, ಉರಿಯುವ, ತುರಿಸುವ ಚರ್ಮಕ್ಕೆ ವಿವೇಕದಿಂದ ರೂಪಿಸಿದ ಲೇಪ ಅದು, ಅದರ ಶಕ್ತಿ ರಾಳ, ಮೇಣ, ಜಿಡ್ಡು, ಮೂಲಿಕೆಗಳು ಕೂಡಿದ ಕ್ರಮದಲ್ಲಿದೆ. ಸೋರಿಯಾಸಿಸ್, ಇಸಬುಗಳಿಂದ ನರಳುವವರು ಚರ್ಮತಜ್ಞರ ಚಿಕಿತ್ಸೆಯನ್ನು ಬಿಟ್ಟು ಅಂಗಡಿಯ ರಾಳವನ್ನು ತಾವೇ ಕಾಯಿಸಿ ಹಚ್ಚಿಕೊಳ್ಳುವುದು ಸಲ್ಲದು, ಅರ್ಹ ವೈದ್ಯರ ಸಲಹೆಯಿಂದ ಮಾತ್ರ ಅದನ್ನು ಬಳಸಬೇಕು. ರಾಜ್ಯದ ಆಯುರ್ವೇದ ಕಾಲೇಜುಗಳು ಮತ್ತು ಚರ್ಮರೋಗ ವಿಭಾಗಗಳು ಒಟ್ಟಾಗಿ ಪಿಂಡತೈಲ, ಜೀವಂತ್ಯಾದಿ ಯಮಕ, ರಾಳದ ಮಲಹರಗಳನ್ನು ಅವುಗಳ ಪೂರ್ಣರೂಪದಲ್ಲೇ ಪರೀಕ್ಷಿಸಬೇಕು. ಅರಣ್ಯ ಇಲಾಖೆ ಮತ್ತು ಗ್ರಾಮ ಪಂಚಾಯಿತಿಗಳು ರಸ್ತೆಬದಿಯಲ್ಲಿ ಮತ್ತೆ ಧೂಪದ ಸಸಿಗಳನ್ನು ನೆಡಬೇಕು. ಈ ಎರಡು ಕೆಲಸಗಳೂ ಕರ್ನಾಟಕದ ಕೈಯಳತೆಯಲ್ಲಿಯೇ ಇವೆ.